ಬಂಡೀಪುರದ ರಾತ್ರಿ ಗೇಟು, ಆನೆಗಳ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಎಂಟೂಮುಕ್ಕಾಲರ ಹೊತ್ತಿಗೆ ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟ್ ಹತ್ತಿರ ಹೋಗಿ ನೋಡಿ. ಗೇಟು ಬೀಳುವ ಮುಂಚೆ ಕಾಡಿನೊಳಗೆ ನುಗ್ಗಿಬಿಡಬೇಕು ಅಂತ ಕಾರು, ಲಾರಿ, ಬೈಕು ಒಂದರ ಹಿಂದೆ ಒಂದು ಓಡಿ ಬರುತ್ತಿರುತ್ತವೆ. ಒಂಬತ್ತರ ಮೇಲೆ ಬಂದವರು ಗೊಣಗುತ್ತಾ ಗಾಡಿ ತಿರುಗಿಸುತ್ತಾರೆ. ಇಲ್ಲವೇ ಸೀಟು ಹಿಂದಕ್ಕೆ ಬಾಗಿಸಿ ಮಲಗುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೆ ಗೊಣಗಿದವನೇ. ಈಗ ಊಟಿಗೋ ಕೇರಳಕ್ಕೋ ಹೊರಟ ನೆಂಟರು, ಗೆಳೆಯರು ಫೋನ್ ಮಾಡಿ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ರಾತ್ರಿ ಮುಚ್ಚುವುದು ಯಾವ ರಸ್ತೆ?

ಎರಡು ರಸ್ತೆ. ಎರಡೂ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತವೆ. ಒಂದು ಮದ್ದೂರು, ಮೂಲೆಹೊಳೆ, ಮುತ್ತಂಗ ದಾಟಿ ವಯನಾಡಿನ ಸುಲ್ತಾನ್ ಬತ್ತೇರಿಗೆ, ಅಲ್ಲಿಂದ ಕೋಯಿಕ್ಕೋಡಿಗೆ ಹೋಗುತ್ತದೆ. ಇದು ರಾಷ್ಟ್ರೀಯ ಹೆದ್ದಾರಿ 766. ಹಳಬರು ಈಗಲೂ 212 ಅಂತಲೇ ಕರೆಯುತ್ತಾರೆ. ಬಂಡೀಪುರದ ಕಾಡಿನೊಳಗೆ ಇದು ಸುಮಾರು 20 ಕಿ.ಮೀ. ಸಾಗುತ್ತದೆ, ಗಡಿ ದಾಟಿದ ಮೇಲೂ ವಯನಾಡಿನ ಕಾಡು ಮುಂದುವರಿಯುತ್ತದೆ. ಇನ್ನೊಂದು ಹೆದ್ದಾರಿ 181, ಹಳೆಯ 67. ಮೇಲುಕಾಮನಹಳ್ಳಿ, ಬಂಡೀಪುರ, ಕೆಕ್ಕನಹಳ್ಳ ದಾಟಿ ತಮಿಳುನಾಡಿನ ತೆಪ್ಪಕಾಡು, ಗೂಡಲೂರು, ಊಟಿ ಕಡೆಗೆ ಹೋಗುತ್ತದೆ.

ಕಾಡುಪ್ರಾಣಿಗಳು ದಾಟಿಕೊಳ್ಳಲಿ ಅಂತ ಎರಡೂ ಕಡೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕಿರುತ್ತದೆ.

ಈ ನಿಷೇಧ ಯಾವಾಗಿಂದ ಇದೆ? ಯಾರು ಮಾಡಿದ್ದು?

2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಆದೇಶ ಹೊರಡಿಸಿದರು. ಒತ್ತಡ ಬಂತು. ಕೆಲವೇ ದಿನಗಳಲ್ಲಿ ಆದೇಶ ವಾಪಸ್ಸಾಯಿತು. ವಿಷಯ ಹೈಕೋರ್ಟಿಗೆ ಹೋಯಿತು. ಅದೇ ಜುಲೈನಲ್ಲಿ ಕೋರ್ಟು ನಿಷೇಧವನ್ನು ಮತ್ತೆ ಜಾರಿಗೆ ತಂದಿತು, 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಮುಂದಿನದ್ದು ಉದ್ದದ ಕಥೆ. ಕೆಳಗೆ ಅಲ್ಲಲ್ಲಿ ಬರುತ್ತದೆ.

ಆನೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ? ಅವಕ್ಕೆ ಅಷ್ಟು ದೊಡ್ಡ ಕಾಡು ಇದೆಯಲ್ಲ?

ಮ್ಯಾಪಿನಲ್ಲಿ ನಾಲ್ಕು ಹೆಸರು ಕಾಣುತ್ತವೆ: ನಾಗರಹೊಳೆ, ಬಂಡೀಪುರ, ಮುದುಮಲೆ, ವಯನಾಡು. ಮೂರು ರಾಜ್ಯ, ಮೂರು ಅರಣ್ಯ ಇಲಾಖೆ. ಆನೆಗೆ ಇದು ಒಂದೇ ಕಾಡು. ಒಂದು ಹಿಂಡು ವರ್ಷದಲ್ಲಿ ನೂರಾರು ಚದರ ಕಿ.ಮೀ. ಸುತ್ತುತ್ತದೆ. ಸುಮ್ನೆ ಅಲೆಯುವುದಲ್ಲ ಅದು. ನೀರು, ಹುಲ್ಲು, ಬಿದಿರು, ಉಪ್ಪುಮಣ್ಣು ಯಾವ ತಿಂಗಳಲ್ಲಿ ಎಲ್ಲಿ ಸಿಗುತ್ತದೆ ಅನ್ನುವುದು ಹಿಂಡಿನ ಹಿರಿಯ ಹೆಣ್ಣಾನೆಗೆ ಗೊತ್ತು. ಅವಳು ಹೋದಲ್ಲಿಗೆ ಉಳಿದವರು.

ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಹೋಗಿದ್ದೀರಾ? ಅಲ್ಲಿ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಫೆಬ್ರವರಿ ಕಳೆದಂತೆ ಬಂಡೀಪುರದ ಕೆರೆಗಳು ಒಂದೊಂದಾಗಿ ಬತ್ತುತ್ತವೆ. ಕುರುಚಲು ಕಾಡು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದೇ ಹೊತ್ತಿಗೆ ಕಬಿನಿಯ ಹಿನ್ನೀರು ಇಳಿದು, ನೀರು ಬಿಟ್ಟ ಜಾಗದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ನಾಲ್ಕೂ ಕಡೆಯ ಆನೆಗಳು ಅಲ್ಲಿಗೆ ಬಂದು ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟಾಗುವ ಜಾಗ ಪ್ರಪಂಚದಲ್ಲೇ ಕಡಿಮೆ. ತಮಾಷೆ ಅಂದರೆ ಆ ಹಿನ್ನೀರು ಮನುಷ್ಯರೇ ಮಾಡಿದ್ದು. ಬೀಚನಹಳ್ಳಿಯ ಅಣೆಕಟ್ಟು ಮುಗಿದದ್ದು 1974ರಲ್ಲಿ. ಹಳೆಯ ಕಾಡು ಮುಳುಗಿತು. ಆನೆಗಳು ತಮ್ಮ ಹಾದಿಯನ್ನು ಹೊಸ ಹುಲ್ಲಿಗೆ ಹೊಂದಿಸಿಕೊಂಡವು.

ಮಳೆ ಹಿಡಿದರೆ ಮತ್ತೆ ಚದುರುತ್ತವೆ. ಈ ಹೋಗಿಬರುವಿಕೆಗೆ ಅಡ್ಡವಾಗಿ ಹೆದ್ದಾರಿ ಮಲಗಿದೆ.

ಅಗಲ ಏಳೆಂಟು ಮೀಟರ್ ಡಾಂಬರು. ಆನೆಯಂಥ ಆನೆಗೆ ಅದು ದಾಟಲು ಕಷ್ಟವೇ?

ಈ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ. ಡಾಂಬರು ಕಷ್ಟವಲ್ಲ. ಅದರ ಮೇಲೆ ಏನು ಓಡುತ್ತದೆ, ಎಷ್ಟು ಹೊತ್ತಿಗೊಮ್ಮೆ ಓಡುತ್ತದೆ ಅನ್ನುವುದು ಕಷ್ಟ.

ಹಿಂಡು ರಸ್ತೆ ಅಂಚಿಗೆ ಬರುತ್ತದೆ. ಜೊತೆಗೆ ಮರಿ ಇದೆ. ಬೆಳಕು, ಹಾರನ್ನು. ಅರ್ಧ ನಿಮಿಷ ಬಿಟ್ಟು ಇನ್ನೊಂದು ಲಾರಿ. ಮರಿ ಇರುವ ತಾಯಿ ಆ ಸಂದಿಯಲ್ಲಿ ನುಗ್ಗುವ ಧೈರ್ಯ ಮಾಡುವುದಿಲ್ಲ. ಕಾಯುತ್ತದೆ. ಆಮೇಲೆ ಹಿಂದಕ್ಕೆ ಹೋಗುತ್ತದೆ. ಇನ್ನು ಕೆಲವು ಸಲ ಹಿಂಡಿನ ಅರ್ಧ ಈಚೆ, ಅರ್ಧ ಆಚೆ ಆಗುತ್ತದೆ. ಆಗ ಎದುರು ಸಿಕ್ಕ ಬೈಕಿನವನಿಗೆ ಗ್ರಹಚಾರ.

ಅಪಘಾತದಲ್ಲಿ ಸತ್ತ ಜಿಂಕೆಯ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ದಾಟದೆ ವಾಪಸ್ಸು ಹೋದ ಹಿಂಡಿನ ಫೋಟೋ ಯಾರೂ ತೆಗೆಯುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ನಷ್ಟ ಎರಡನೆಯದು. ನೀರಿಗೆ ಹೋಗಬೇಕಾದ್ದು ನೀರಿಗೆ ಹೋಗುವುದಿಲ್ಲ. ಆಚೆ ಕಾಡಿಗೆ ಹೋಗಬೇಕಾದ ಎಳೆ ಗಂಡುಹುಲಿ ಈಚೆಯೇ ಉಳಿದು, ಜಾಗ ಸಾಲದೆ ಹೊಲದ ಅಂಚಿಗೆ ಬರುತ್ತದೆ. 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150 ಹುಲಿ ಅಂದಾಜಾದವು. ಹುಲಿ ಜಾಸ್ತಿಯಾದಷ್ಟೂ ಬೆಳೆದ ಮರಿಗಳಿಗೆ ಹೊರಗೆ ಹೋಗುವ ದಾರಿ ಜಾಸ್ತಿ ಬೇಕು.

ರಸ್ತೆಯನ್ನು ಕಟ್ಟುವ ರೀತಿಯೂ ಅಡ್ಡಿಯೇ. ಪಕ್ಕದ ದಿಣ್ಣೆಯನ್ನು ನೆಟ್ಟಗೆ ಕಡಿದುಬಿಟ್ಟರೆ ಮರಿಯಾನೆ ಹತ್ತಲಾರದು. ಆಳದ ಕಾಂಕ್ರೀಟ್ ಚರಂಡಿಯಲ್ಲಿ ಆಮೆ, ಮುಳ್ಳುಹಂದಿ ಬಿದ್ದರೆ ಏಳಲಾರವು. ನಾಲ್ಕು ಪಥ ಮಾಡಿ ನಡುವೆ ಸಿಮೆಂಟಿನ ಗೋಡೆ ಇಟ್ಟರೆ, ಅರ್ಧ ದಾಟಿದ ಪ್ರಾಣಿ ಅಲ್ಲೇ ಸಿಕ್ಕಿಬೀಳುತ್ತದೆ.

ರಾತ್ರಿಯೇ ಯಾಕೆ? ಹಗಲಲ್ಲಿ ಪ್ರಾಣಿ ದಾಟುವುದಿಲ್ಲವೇ?

ದಾಟುತ್ತವೆ. ಆದರೆ ಕಡವೆ, ಚಿರತೆ, ಹುಲಿ ಇವೆಲ್ಲ ಕತ್ತಲಾದ ಮೇಲೆ ಜಾಸ್ತಿ ಓಡಾಡುವಂಥವು. ಆನೆ, ಕಾಟಿ ಸಂಜೆ ಮೇಲೆ ನೀರಿಗೆ ಇಳಿಯುತ್ತವೆ. ಬಿಸಿಲಿಗೆ ಕಾದ ಡಾಂಬರು ರಾತ್ರಿಯೂ ಬೆಚ್ಚಗಿರುತ್ತದೆ, ಹಾವುಗಳು ಅಲ್ಲೇ ಬಂದು ಮಲಗುತ್ತವೆ. ನತ್ತಿಂಗ ಹಕ್ಕಿ ರಸ್ತೆ ನಡುವೆ ಕೂತಿರುತ್ತದೆ. ಜಿಂಕೆಯ ಕಣ್ಣು ಮಂದ ಬೆಳಕಿಗೆ ಹೇಳಿ ಮಾಡಿಸಿದ್ದು. ಹೆಡ್‌ಲೈಟ್ ನೇರವಾಗಿ ಬಿದ್ದರೆ ಅದು ಓಡುವುದಿಲ್ಲ, ಕಲ್ಲಾಗಿ ನಿಂತುಬಿಡುತ್ತದೆ. ಚಾಲಕನಿಗೂ ಕಂಡದ್ದು ಕೊನೇ ಗಳಿಗೆಯಲ್ಲೇ.

ಹಗಲಿನ ಹದಿನೈದು ಗಂಟೆ ನಮಗೆ, ರಾತ್ರಿಯ ಒಂಬತ್ತು ಗಂಟೆ ಅವಕ್ಕೆ. ಪಾಲು ನಮ್ಮ ಕಡೆಗೇ ವಾಲಿದೆ.

ನಿಷೇಧದಿಂದ ನಿಜವಾಗಿ ಉಪಯೋಗ ಆಗುತ್ತದೆ ಅನ್ನಲು ಆಧಾರ ಇದೆಯೇ?

ನಾಗರಹೊಳೆಯಲ್ಲಿ ಒಳ್ಳೆಯ ಉದಾಹರಣೆ ಇದೆ. ಮೈಸೂರಿನಿಂದ ಎಚ್.ಡಿ. ಕೋಟೆ ಮೇಲೆ ಮಾನಂದವಾಡಿಗೆ ಹೋಗುವ ರಸ್ತೆಯನ್ನು ಕಾಡಿನೊಳಗೆ 2008ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಬಂಡೀಪುರಕ್ಕಿಂತ ಮೂರು ಗಂಟೆ ಜಾಸ್ತಿ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಜೊತೆಗಾರರು ಅಲ್ಲಿ ರಸ್ತೆ ಪಕ್ಕ ಕ್ಯಾಮೆರಾ ಇಟ್ಟು ಅಧ್ಯಯನ ಮಾಡಿದ್ದರು. ವಾಹನ ಕಡಿಮೆ ಇರುವ ಭಾಗದ ಅಂಚಿನಲ್ಲಿ ಜಿಂಕೆ, ಕಾಟಿ, ಆನೆ ಹೆಚ್ಚು ಸಲ ಕಂಡವು. ಕಾಡು ಅದೇ. ವ್ಯತ್ಯಾಸ ವಾಹನದ್ದು.

ಹಂಪ್ ಹಾಕಿದರೆ ಸಾಲದೇ?

ಹಂಪ್ ಈಗಲೂ ಇವೆ, ಹಗಲಿಗೆ ಬೇಕು. ಆದರೆ ನಿಧಾನ ಬಂದ ಲಾರಿಗೂ ಬೆಳಕಿದೆ, ಸದ್ದಿದೆ. ಹಂಪ್‌ನಿಂದ ಡಿಕ್ಕಿ ತಪ್ಪುತ್ತದೆ, ವಾಹನಗಳ ಸಾಲು ಕರಗುವುದಿಲ್ಲ.

ಮೇಲ್ಸೇತುವೆ ಕಟ್ಟಿದರೆ ಮೇಲೆ ವಾಹನ, ಕೆಳಗೆ ಪ್ರಾಣಿ. ಇಬ್ಬರಿಗೂ ಅನುಕೂಲ ಅಲ್ವಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳಲು ಚೆನ್ನಾಗಿದೆ. 2018ರಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯವೂ ಇದನ್ನೇ ಹೇಳಿತು. ಆದರೆ ಪ್ರಸ್ತಾವನೆಯನ್ನು ಬಿಡಿಸಿ ನೋಡಬೇಕು. ಇಡೀ ಕಾಡನ್ನು ದಾಟುವ ಸೇತುವೆ ಅಲ್ಲ ಅದು. ತಲಾ ಒಂದು ಕಿ.ಮೀ. ಉದ್ದದ ಕೆಲವು ತುಂಡುಗಳು. ಉಳಿದ ಕಡೆ ರಸ್ತೆ ನೆಲದ ಮೇಲೇ, ಎರಡೂ ಬದಿ ಬೇಲಿ. ಅಂದರೆ ಆನೆ ತನ್ನ ದಾರಿ ಬಿಟ್ಟು, ಬೇಲಿ ಗುಂಟ ನಡೆದು, ನಾವು ತೋರಿಸಿದ ಕಂಡಿಯಲ್ಲಿ ನುಸುಳಬೇಕು. ಬದಲಿಗೆ ನಾವು ಇಪ್ಪತ್ತನಾಲ್ಕು ಗಂಟೆ ಓಡಾಡುತ್ತೇವೆ.

ಇನ್ನೂ ಒಂದಿದೆ. ಕಂಬ ನಿಲ್ಲಿಸಲು ಮರ ಕಡಿಯಬೇಕು, ನೆಲ ಅಗೆಯಬೇಕು, ಜೆಲ್ಲಿ, ಸಿಮೆಂಟು, ಕ್ರೇನು, ಕೆಲಸಗಾರರ ಶೆಡ್ಡು ಎಲ್ಲ ಹುಲಿ ಕಾಡಿನ ನಡುವೆಯೇ. ಅದೂ ವರ್ಷಗಟ್ಟಲೆ. ಈಗ ರಾತ್ರಿ ಖಾಲಿ ಇರುವ ರಸ್ತೆಯನ್ನು ಪ್ರಾಣಿ ಎಲ್ಲಿ ಬೇಕಾದರೂ ದಾಟಬಹುದು. ಅದಕ್ಕೆ ತಗಲುವ ಖರ್ಚು ಒಂದು ಗೇಟು, ನಾಲ್ಕು ಜನ ಸಿಬ್ಬಂದಿ. ಇದನ್ನು ಬಿಟ್ಟು ನೂರಾರು ಕೋಟಿ ಸುರಿದು ಇದಕ್ಕಿಂತ ಕಮ್ಮಿಯದನ್ನು ಕೊಳ್ಳುವುದು ಯಾವ ವ್ಯಾಪಾರ?

ಹಾಗಾದರೆ ಇಂಥ ಸೇತುವೆಗಳೇ ದಂಡ ಅನ್ನುತ್ತೀರಾ?

ಖಂಡಿತ ಇಲ್ಲ. ಮಹಾರಾಷ್ಟ್ರದ ಪೆಂಚ್ ಹುಲಿ ಕಾಡು ನೋಡಿ. ಅಲ್ಲಿ ಹೆದ್ದಾರಿ 44ನ್ನು ನಾಲ್ಕು ಪಥ ಮಾಡಲೇಬೇಕು ಅಂತ ತೀರ್ಮಾನವಾಗಿತ್ತು. ಕೋರ್ಟು, ಹೋರಾಟ ಎಲ್ಲ ಆಗಿ ಕೊನೆಗೆ ರಸ್ತೆಯ ಕೆಳಗೆ ಒಂಬತ್ತು ದಾರಿ ಬಿಟ್ಟು ಕಟ್ಟಿದರು. ಚಿಕ್ಕದು 50 ಮೀಟರ್ ಅಗಲ, ದೊಡ್ಡದು 750 ಮೀಟರ್. ಭಾರತೀಯ ವನ್ಯಜೀವಿ ಸಂಸ್ಥೆಯವರು 2019ರಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ 18 ಜಾತಿಯ ಕಾಡುಪ್ರಾಣಿಗಳು ಅಲ್ಲಿ ಓಡಾಡುತ್ತಿದ್ದವು. ಹನ್ನೊಂದು ಹುಲಿ ಒಟ್ಟು 89 ಸಲ ದಾಟಿದ್ದವು. ದೆಹಲಿ–ಡೆಹ್ರಾಡೂನ್ ರಸ್ತೆಯಲ್ಲಿ ರಾಜಾಜಿ ಕಾಡಿನ ಹತ್ತಿರ 12 ಕಿ.ಮೀ. ಉದ್ದಕ್ಕೂ ರಸ್ತೆಯನ್ನು ಎತ್ತರಿಸಿದ್ದಾರೆ.

ವ್ಯತ್ಯಾಸ ಇಷ್ಟೇ. ಅಲ್ಲೆಲ್ಲ ರಸ್ತೆ ಅಗಲ ಆಗುವುದು, ರಾತ್ರಿ ಹಗಲು ವಾಹನ ಓಡುವುದು ಖಚಿತವಾಗಿತ್ತು. ಆ ಏಟನ್ನು ತಗ್ಗಿಸಲು ಸೇತುವೆ ಬಂತು. ಬಂಡೀಪುರದಲ್ಲಿ ಏಟು ಈಗಾಗಲೇ ರಾತ್ರಿಯ ಮಟ್ಟಿಗೆ ನಿಂತಿದೆ. ನಿಂತ ಏಟನ್ನು ಮತ್ತೆ ಶುರು ಮಾಡಿ ಮೇಲೆ ಮುಲಾಮು ಹಚ್ಚುವ ಮಾತು ಇದು.

ಹೊಸ ರಸ್ತೆ ಕಾಡಿನ ಹಾದಿಯನ್ನು ಕತ್ತರಿಸಲೇಬೇಕಾದರೆ ಮೊದಲು ಪ್ರಾಣಿಗಳು ಎಲ್ಲಿ ದಾಟುತ್ತವೆ ಅಂತ ಎಲ್ಲ ಕಾಲದಲ್ಲೂ ನೋಡಿ, ಆಮೇಲೆ ಕಂಬದ ಜಾಗ ಗುರುತಿಸಬೇಕು. ಆನೆ ಇಕ್ಕಟ್ಟಿನ ಕತ್ತಲ ಸುರಂಗಕ್ಕೆ ಇಳಿಯುವುದಿಲ್ಲ. ಆಚೆಯ ಹಸಿರು ಅದರ ಕಣ್ಣಿಗೆ ಬೀಳಬೇಕು. ಕೆಳಗೆ ಅಂಗಡಿ, ಪಾರ್ಕಿಂಗ್ ಬಂದರಂತೂ ಮುಗಿಯಿತು.

ಬದಲಿ ರಸ್ತೆ ಇದೆಯಾ?

ಇದೆ. ಮೈಸೂರು, ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ. ಮೂವತ್ತು ಕಿ.ಮೀ.ಗೂ ಸ್ವಲ್ಪ ಜಾಸ್ತಿ ಸುತ್ತು. ರಾತ್ರಿ ಹೋಗಲೇಬೇಕಾದವರಿಗೆ ಇದೇ ದಾರಿ. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ದಾರಿಯನ್ನೇ ಅಭಿವೃದ್ಧಿ ಮಾಡಿ 766ನ್ನು ಕಾಡಿನೊಳಗೆ ಪೂರ್ತಿ ಮುಚ್ಚಬಹುದೇ ಅಂತ ಕೇಂದ್ರವನ್ನು ಕೇಳಿತು. ವಯನಾಡು ಕೆರಳಿತು. ಬತ್ತೇರಿಯಲ್ಲಿ ಉಪವಾಸ ಕೂತರು. ಆಗ ಅಲ್ಲಿನ ಸಂಸದರಾಗಿದ್ದ ರಾಹುಲ್ ಗಾಂಧಿ ಅಕ್ಟೋಬರ್‌ನಲ್ಲಿ ಬಂದು ಅವರ ಜೊತೆ ಕೂತರು.

ಒಂದು ಮಾತು ಮುಚ್ಚಿಡಬಾರದು. ಬದಲಿ ದಾರಿಯೂ ಪೂರ್ತಿ ಕಾಡು ತಪ್ಪಿಸುವುದಿಲ್ಲ. ಆನೆಚೌಕೂರು, ತಿತಿಮತಿ ಹತ್ತಿರ ನಾಗರಹೊಳೆಯ ಅಂಚು ಬರುತ್ತದೆ. ಅಲ್ಲೂ ಆನೆ ದಾಟುತ್ತವೆ. ಹುಲಿ ಕಾಡಿನ ಹೊಟ್ಟೆಯಲ್ಲಿ ಹೋಗುವುದಕ್ಕಿಂತ ಅಂಚಿನಲ್ಲಿ ಹೋಗುವುದು ವಾಸಿ, ಅಷ್ಟೆ. ಅದನ್ನೇ ನೆಪ ಮಾಡಿ ಅಲ್ಲಿ ನಾಲ್ಕು ಪಥ ಬೇಕು ಅಂದರೆ ನಾಳೆ ಇದೇ ಪ್ರಶ್ನೋತ್ತರವನ್ನು ತಿತಿಮತಿಯ ಹೆಸರಲ್ಲಿ ಬರೆಯಬೇಕಾಗುತ್ತದೆ.

ವಯನಾಡಿನವರ ಕಷ್ಟ ನಿಮಗೆ ಕಾಣುವುದಿಲ್ಲವೇ?

ಕಾಣುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಬತ್ತೇರಿಯ ಹುಡುಗ ಶುಕ್ರವಾರ ಸಂಜೆ ಹೊರಟರೆ ಒಂಬತ್ತರೊಳಗೆ ಮದ್ದೂರು ಮುಟ್ಟುವುದು ಕಷ್ಟ. ನಮ್ಮ ಕಡೆಯ ವ್ಯಾಪಾರಿಗಳಿಗೂ ಇದೆ. ಗುಂಡ್ಲುಪೇಟೆ ಸುತ್ತಿನ ತರಕಾರಿ, ಓಣಂ ಸಮಯದ ಚೆಂಡು ಹೂವು ಕೇರಳಕ್ಕೆ ಹೋಗುತ್ತವೆ. ಟೊಮೆಟೊ ಗೇಟಿನ ಮುಂದೆ ರಾತ್ರಿ ಕಾಯುವ ಸರಕಲ್ಲ.

ಆದರೆ ಹದಿನೈದು ವರ್ಷದಲ್ಲಿ ವ್ಯಾಪಾರ ಈ ಗಡಿಯಾರಕ್ಕೆ ಹೊಂದಿಕೊಂಡಿದೆ. ಮಧ್ಯಾಹ್ನವೇ ಲೋಡ್ ಮಾಡುತ್ತಾರೆ. ನನಗೆ ನ್ಯಾಯ ಅನ್ನಿಸುವ ಬೇಡಿಕೆ ಎಂದರೆ ಬದಲಿ ರಸ್ತೆಯನ್ನು ಗುಂಡಿ ಇಲ್ಲದಂತೆ ಇಡಿ ಅನ್ನುವುದು. ಅದನ್ನು ಕೇಳಲು ವಯನಾಡಿನವರ ಜೊತೆ ನಾನೂ ಬರುತ್ತೇನೆ.

ಆಂಬುಲೆನ್ಸ್ ಬಿಡುತ್ತಾರಾ?

ಬಿಡುತ್ತಾರೆ. ತುರ್ತು ವಾಹನಗಳಿಗೆ ಮೊದಲಿಂದಲೂ ವಿನಾಯಿತಿ ಇದೆ. ಸರ್ಕಾರಿ ಸಾರಿಗೆಯ ಬೆರಳೆಣಿಕೆಯ ಬಸ್ಸುಗಳೂ ರಾತ್ರಿ ಹೋಗುತ್ತವೆ. "ರೋಗಿ ಸತ್ತರೆ ಯಾರು ಹೊಣೆ" ಅಂತ ವಾಟ್ಸಾಪ್‌ನಲ್ಲಿ ಬರುವುದನ್ನು ನಂಬಬೇಡಿ.

ಬೇರೆ ಎಲ್ಲಾದರೂ ಹೀಗೆ ಮುಚ್ಚುತ್ತಾರಾ?

ಪಕ್ಕದಲ್ಲೇ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ಹೆದ್ದಾರಿಯಲ್ಲಿ, ಬಣ್ಣಾರಿ ಮತ್ತು ಕಾರಪಳ್ಳಂ ನಡುವೆ, ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿಯಿಂದ ರಾತ್ರಿ ನಿರ್ಬಂಧ ಇದೆ. ಆ ರಸ್ತೆಯ ಕಥೆಯೇ ಬೇರೆ. ಕಬ್ಬಿನ ಲಾರಿಗಳು ಆ ದಾರಿಯಲ್ಲಿ ಹೋಗುತ್ತವೆ. ಎತ್ತರಕ್ಕೆ ತುಂಬಿದ ಕಬ್ಬನ್ನು ಚೆಕ್‌ಪೋಸ್ಟ್ ಹತ್ತಿರ ಕಿತ್ತು ಎಸೆಯುತ್ತಿದ್ದರು. ಆನೆಗಳು ರುಚಿ ಹಿಡಿದವು. ಈಗ ಲಾರಿಯ ಸದ್ದು ಕೇಳಿದರೆ ತಾವೇ ಬಂದು ಅಡ್ಡ ನಿಲ್ಲುತ್ತವೆ, ಸೊಂಡಿಲಲ್ಲಿ ಒಂದು ಕಂತೆ ಎಳೆದುಕೊಂಡು ದಾರಿ ಬಿಡುತ್ತವೆ. ವೀಡಿಯೋ ನೋಡಿ ನಗುತ್ತೇವೆ. ರಸ್ತೆಯನ್ನು ಊಟದ ಜಾಗ ಅಂದುಕೊಂಡ ಆನೆ ಮರಿಗೂ ಅದನ್ನೇ ಕಲಿಸುತ್ತದೆ.

ಕಾರಿಡಾರ್ ಅಂದರೆ ಏನು? ಅದು ಸರ್ಕಾರದ ಜಾಗವಾ?

ಎರಡು ಕಾಡಿನ ನಡುವೆ ಪ್ರಾಣಿಗಳು ಬಳಸುವ ಕಿರಿದಾದ ಪಟ್ಟಿ. ಕೇಂದ್ರದ 2023ರ ವರದಿ ದೇಶದಲ್ಲಿ 150 ಆನೆ ಕಾರಿಡಾರ್ ಗುರುತಿಸಿದೆ. ಎಲ್ಲವೂ ಅರಣ್ಯದ ಜಾಗ ಅಲ್ಲ. ಪಟ್ಟಾ ಜಮೀನಿರುತ್ತದೆ, ಕಂದಾಯ ಭೂಮಿ ಇರುತ್ತದೆ, ಕಾಫಿ ತೋಟ ಇರುತ್ತದೆ. ಕೊಳ್ಳೇಗಾಲದ ಕಡೆಯ ಎಡಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್ ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು ಸೇರಿಸುತ್ತದೆ. ಅಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ 25 ಎಕರೆಯಷ್ಟು ಜಮೀನನ್ನು ಹಣ ಕೊಟ್ಟು ಕೊಂಡು ದಾರಿ ಉಳಿಸಿತು. ಮುದುಮಲೆ ಪಕ್ಕದ ಸೀಗೂರಿನಲ್ಲಿ ರೆಸಾರ್ಟ್‌ಗಳು ದಾರಿ ಮುಚ್ಚಿದ್ದವು. ಅಲ್ಲಿ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿ 2020ರಲ್ಲಿ ಆನೆ ದಾರಿಯ ಪರ ತೀರ್ಪು ಬಂತು.

ಹೊಸ ರಸ್ತೆಗೆ ಅನುಮತಿ ಕೊಡುವವರು ಯಾರು?

ಹುಲಿ ಕಾಡಿನಲ್ಲಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿ ಒಪ್ಪಬೇಕು, ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಸಲಹೆ ಬೇಕು. 1972ರ ವನ್ಯಜೀವಿ ಕಾಯ್ದೆಯ 38-ಒ ಕಲಂ ಇಲ್ಲಿ ಮುಖ್ಯ. ಹುಲಿ ಕಾಡುಗಳನ್ನು ಒಂದಕ್ಕೊಂದು ಜೋಡಿಸುವ ಜಾಗವನ್ನೂ ಅದು ಕಾಯುತ್ತದೆ. ಅರಣ್ಯ ಭೂಮಿ ಬಿಟ್ಟುಕೊಡಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಬೇರೆ ಅನುಮತಿ. ಅರ್ಜಿಗಳು ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಇರುತ್ತವೆ. ನಿಮ್ಮ ತಾಲ್ಲೂಕಿನ ಹೆಸರು ಹಾಕಿ ಹುಡುಕಿ ನೋಡಿ. ಮರಕ್ಕೆ ಕೊಡಲಿ ಬಿದ್ದ ಮೇಲೆ ಕೂಗುವುದಕ್ಕಿಂತ ಅರ್ಜಿ ಇರುವಾಗ ಒಂದು ಆಕ್ಷೇಪಣೆ ಬರೆದರೆ ತೂಕ ಜಾಸ್ತಿ.

ಮರದ ಮೇಲಿನ ಪ್ರಾಣಿಗಳ ಕಥೆ?

ಅವುಗಳನ್ನು ಎಲ್ಲರೂ ಮರೆಯುತ್ತಾರೆ. ರಸ್ತೆ ಅಗಲ ಮಾಡಿ ಕೊಂಬೆಗಳು ದೂರವಾದರೆ ಕೆಂಚಳಿಲು, ಕಾಡುಪಾಪ, ಸಿಂಗಳೀಕ ನೆಲಕ್ಕೆ ಇಳಿಯಬೇಕು. ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ಸಿಂಗಳೀಕಗಳು ಅದರ ಮೇಲೆ ಆರಾಮಾಗಿ ಓಡಾಡುತ್ತವೆ. ಕೊಂಬೆ ಕೂಡುವಂತೆ ಮರ ಬಿಟ್ಟರೆ ಅದೂ ಬೇಡ.

ಹಗಲು ಆ ದಾರಿಯಲ್ಲಿ ಹೋಗುವಾಗ ನಾನೇನು ಮಾಡಬೇಕು?

ನಿಲ್ಲಿಸಬೇಡಿ. ಇದೊಂದೇ ಮಾಡಿದರೂ ಅರ್ಧ ತೊಂದರೆ ತಪ್ಪುತ್ತದೆ. ಆನೆ ದಾಟುತ್ತಿದ್ದರೆ ದೂರದಲ್ಲೇ ನಿಧಾನಿಸಿ, ಹಾರನ್ ಒತ್ತದೆ ಬಿಡಿ, ಪೂರ್ತಿ ಹಿಂಡು ಹೋಗಲಿ. ಒಂದು ದಾಟಿತು ಅಂತ ನುಗ್ಗಬೇಡಿ, ಹಿಂದೆ ಇನ್ನೂ ಇರುತ್ತವೆ. ಮಂಗಕ್ಕೆ ಬಾಳೆಹಣ್ಣು, ಜಿಂಕೆಗೆ ಚಿಪ್ಸ್ ಬೇಡ. 2025ರ ಆಗಸ್ಟ್‌ನಲ್ಲಿ ಒಬ್ಬರು ಇದೇ ಕಾಡಿನಲ್ಲಿ ಕಾರಿಳಿದು ಆನೆ ಜೊತೆ ಸೆಲ್ಫಿಗೆ ಹೋಗಿ, ತುಳಿತ ತಿಂದು ಬದುಕಿದರು. ಮೇಲೆ 25,000 ರೂಪಾಯಿ ದಂಡ. ಗಾಯಗೊಂಡ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ನೀವು ಮುಟ್ಟಲು ಹೋಗಬೇಡಿ.

ನಿಷೇಧ ತೆಗೆಯುತ್ತಾರಂತೆ, ಹೌದಾ?

ಎರಡು ವರ್ಷಕ್ಕೊಮ್ಮೆ ಈ ಸುದ್ದಿ ಏಳುತ್ತದೆ. 2018ರಲ್ಲಿ ಎದ್ದಿತ್ತು, 2025ರಲ್ಲೂ ಎದ್ದಿತು. ಪ್ರತಿ ಸಲ ಗುಂಡ್ಲುಪೇಟೆ, ಮೈಸೂರಿನ ಜನ ಚೆಕ್‌ಪೋಸ್ಟ್ ತನಕ ನಡೆದು ವಿರೋಧಿಸಿದ್ದಾರೆ. ಅವರಲ್ಲಿ ರೈತ ಸಂಘದವರೂ ಇರುತ್ತಾರೆ, ಆನೆಯಿಂದ ಬೆಳೆ ಕಳೆದುಕೊಂಡವರು. ಅವರನ್ನು ಕೇಳಿದರೆ ಉತ್ತರ ಸರಳ: ಕಾಡಿನೊಳಗೆ ದಾರಿ ಸಿಗದ ಆನೆ ನಮ್ಮ ಹೊಲಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಗೇಟು ತೆಗೆದ ಕೂಡಲೇ ಹೋದರೆ ಪ್ರಾಣಿ ಕಾಣುತ್ತವಾ?

ಕೆಲವು ಸಲ. ನನಗೆ ಹೆಚ್ಚು ಸಲ ಕಂಡದ್ದು ಅವು ಬಿಟ್ಟು ಹೋದದ್ದು. ಡಾಂಬರಿನ ನಡುವೆ ಆವಿಯಾಡುವ ಲದ್ದಿ, ಮುರಿದು ಅರ್ಧ ಜಗಿದ ಬಿದಿರು, ಅಂಚಿನ ಮಣ್ಣಿನಲ್ಲಿ ದೊಡ್ಡ ಹೆಜ್ಜೆಯ ಪಕ್ಕ ತಟ್ಟೆಯಷ್ಟು ಚಿಕ್ಕ ಹೆಜ್ಜೆ. ಆರೂಕಾಲಕ್ಕೆಲ್ಲ ಮೊದಲ ಲಾರಿಯ ಚಕ್ರ ಅದರ ಮೇಲೆ ಹಾದಿರುತ್ತದೆ.